“ಆನ್ ಮೈ ಬಿಹಾಫ್” ಸರಿ, “ಇನ್ ಮೈ ಫ್ರಂಟ್” ತಪ್ಪು: ಇದಕ್ಕೇನಾದರೂ ಲೆಕ್ಕ ಇದೆಯೇ?

ಕರಡುಪ್ರತಿ (ಪ್ರಶ್ನೆ)

ಇಂಗ್ಲಿಷ್‌ನ ಮೈ, ಯುವರ್, ಹಿಸ್, ಹರ್, ಮೈನ್, ಹರ್ಸ್ ಇವು ನಾಮಪದದ ಜೊತೆಗೂ ಪ್ರಿಪೊಸಿಷನ್ (ಇನ್, ಆನ್, ಆಫ್ ಥರದ ಪದ) ಜೊತೆಗೂ ಹೇಗೆ ಕೂಡುತ್ತವೆ ಅನ್ನುವುದರ ಬಗ್ಗೆ ಈ ಪ್ರಶ್ನೆ. ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಒಂದು ಕೋಷ್ಟಕ ಕೊಟ್ಟು ಮುಗಿಸಿಬಿಡುತ್ತಾರೆ. ಬರೆಯುವಾಗ ಆ ಕೋಷ್ಟಕ ಕೈಹಿಡಿಯುವುದಿಲ್ಲ. ಕೆಳಗಿನ ಆರು ವಾಕ್ಯಗಳನ್ನು ನೋಡಿ. ಇವುಗಳಲ್ಲಿ ಯಾವುದು ತಪ್ಪು, ಯಾವುದು ನಡೆಯುತ್ತದೆ, ಮುಖ್ಯವಾಗಿ ಏಕೆ ಎಂದು ತಿಳಿಯಬೇಕು.

1. ಹಿ ಸ್ಟುಡ್ ಇನ್ ಮೈ ಫ್ರಂಟ್.
2. ಶಿ ಸ್ಪೋಕ್ ಆನ್ ಬಿಹಾಫ್ ಆಫ್ ಮಿ.
3. ದ ಫೈಲ್ಸ್ ಆರ್ ಇನ್ ಪೊಸೆಷನ್ ಆಫ್ ಹಿಮ್.
4. ಎ ಫ್ರೆಂಡ್ ಆಫ್ ಮಿ ಈಸ್ ವೇಟಿಂಗ್.
5. ಒನ್ ಆಫ್ ಮೈ ಫ್ರೆಂಡ್ ಹ್ಯಾಸ್ ಓನ್ ಹೌಸ್.
6. ಹಿ ಪುಟ್ ಹ್ಯಾಂಡ್ ಇನ್ ಪಾಕೆಟ್.

ಒಂದನೆಯದು ತಪ್ಪು ಎಂದು ಗೊತ್ತು. ಆದರೆ “ಆನ್ ಮೈ ಬಿಹಾಫ್” ಸರಿಯಾದರೆ “ಇನ್ ಮೈ ಫ್ರಂಟ್” ಏಕೆ ಆಗಬಾರದು? ಎರಡೂ ನೋಡಲು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ.

ಪದಚ್ಛೇದ (ಉತ್ತರ)

ಮೊದಲು ಕನ್ನಡ ನಮ್ಮನ್ನು ಎಲ್ಲಿ ಎಡವಿಸುತ್ತದೆ ನೋಡೋಣ. ನನ್ನ ಜೊತೆ, ನನ್ನ ಬಗ್ಗೆ, ನನ್ನ ಹಿಂದೆ, ನನ್ನ ಮುಂದೆ, ನನ್ನ ಬದಲು, ನನ್ನ ಪರವಾಗಿ. ಆರರಲ್ಲೂ “ನನ್ನ” ಎಂಬ ಷಷ್ಠಿ ರೂಪವೇ, ಅಂದರೆ ಸಂಬಂಧ ಹೇಳುವ ರೂಪವೇ ಇದೆ. ನಮ್ಮ ಮುಂದೆ, ಹಿಂದೆ, ಬದಲು, ಪರ ಇವೆಲ್ಲ ಇನ್ನೂ ಅರ್ಧ ನಾಮಪದಗಳೇ, ಆದ್ದರಿಂದ ಅವುಗಳಿಗೆ ಮೊದಲು ಷಷ್ಠಿ ಬಂದು ನಿಲ್ಲುತ್ತದೆ. ಈಗ ಇವೇ ಆರನ್ನು ಇಂಗ್ಲಿಷ್‌ಗೆ ತನ್ನಿ:

ವಿತ್ ಮಿ, ಅಬೌಟ್ ಮಿ, ಬಿಹೈಂಡ್ ಮಿ
ಇನ್ ಫ್ರಂಟ್ ಆಫ್ ಮಿ, ಇನ್‌ಸ್ಟೆಡ್ ಆಫ್ ಮಿ
ಆನ್ ಮೈ ಬಿಹಾಫ್

ಕನ್ನಡದ ಒಂದೇ ಸಾಲು ಅಲ್ಲಿ ಮೂರು ದಾರಿ ಹಿಡಿಯಿತು. ಮೊದಲ ಸಾಲಿನವು ಒಂಟಿ ಪ್ರಿಪೊಸಿಷನ್‌ಗಳು. ಅವುಗಳ ನಂತರ ಸರ್ವನಾಮ ಬಂದರೆ ಕರ್ಮರೂಪ ಮಾತ್ರ: ಮಿ, ಹಿಮ್, ಹರ್, ಅಸ್, ದೆಮ್. ಇಲ್ಲಿ ಮೈ ಬರಬೇಕಾದರೆ ಅದರ ನಂತರ ಒಂದು ನಾಮಪದ ಬರಬೇಕು: “ವಿತ್ ಮೈ ಬ್ರದರ್”. ಮೈ ಎಂಬುದು ಎಂದೂ ಒಂಟಿಯಾಗಿ ನಿಲ್ಲುವ ಪದವಲ್ಲ, ತನ್ನ ನಂತರ ಒಂದು ನಾಮಪದವನ್ನು ಕೇಳಿಯೇ ತೀರುತ್ತದೆ. ಮೈನ್ ಇದಕ್ಕೆ ತದ್ವಿರುದ್ಧ. ಅದು ಒಂಟಿ, ನಾಮಪದವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ.

ನಿಮ್ಮ ಅನುಮಾನ ಇರುವುದು ಎರಡನೆಯ ಮತ್ತು ಮೂರನೆಯ ಸಾಲಿನ ನಡುವೆ. ಅಲ್ಲಿ ಕೇಳಬೇಕಾದ ಪ್ರಶ್ನೆ: ಒಳಗಿರುವ ನಾಮಪದಕ್ಕೆ ಇನ್ನೂ ಜೀವ ಇದೆಯೇ, ಇಲ್ಲವೇ ಪ್ರಿಪೊಸಿಷನ್ ಜೊತೆ ಬೆಸೆದುಹೋಗಿದೆಯೇ? ಬೆಸೆದಿದ್ದರೆ ನಡುವೆ ಮೈ ತೂರಿಸಲು ಜಾಗವೇ ಇಲ್ಲ.

ಇನ್‌ಸ್ಟೆಡ್ ಇದಕ್ಕೆ ಒಳ್ಳೆಯ ಸಾಕ್ಷಿ. ಸ್ಟೆಡ್ ಅಂದರೆ ಸ್ಥಾನ, ಜಾಗ. “ಇನ್ ಮೈ ಸ್ಟೆಡ್” ಇಂದಿಗೂ ಇಂಗ್ಲಿಷ್‌ನಲ್ಲಿದೆ, ಸ್ವಲ್ಪ ಗಂಭೀರ ಬರವಣಿಗೆಯಲ್ಲಿ ಕಾಣುತ್ತದೆ. ಆದರೆ ಇನ್ ಮತ್ತು ಸ್ಟೆಡ್ ಅಂಟಿಕೊಂಡು ಒಂದೇ ಪದವಾದ ಮೇಲೆ ಮೈ ಹೊರಗುಳಿಯಿತು, “ಇನ್‌ಸ್ಟೆಡ್ ಆಫ್ ಮಿ” ಆಯಿತು. ಅರ್ಥ ಒಂದೇ, ಮೂಲಪದ ಒಂದೇ, ಕೂಡುವ ರೀತಿ ಮಾತ್ರ ಬೇರೆ. “ಬೈ ಮೈ ಸೈಡ್” ಮತ್ತು “ಬಿಸೈಡ್ ಮಿ” ಜೋಡಿಯ ಕಥೆಯೂ ಇದೇ: ಬಿಡಿಯಾಗಿದ್ದಾಗ ಮೈ, ಬೆಸೆದ ಮೇಲೆ ಮಿ. ಬಿಕಾಸ್ ಕೂಡ ಹುಟ್ಟಿದ್ದು ಬೈ ಮತ್ತು ಕಾಸ್ ಸೇರಿ. ಹಾಗಾಗಿ “ಬಿಕಾಸ್ ಆಫ್ ಮಿ”.

“ಇನ್ ಫ್ರಂಟ್ ಆಫ್” ಬಿಡಿಸಿ ಬರೆದರೂ ಒಳಗೆ ಬೆಸೆದಿರುವ ಪದಗುಚ್ಛ. ಪರೀಕ್ಷಿಸಬೇಕಾದರೆ ನಡುವೆ ಒಂದು ದ (the) ಹಾಕಿ ನೋಡಿ. “ಇನ್ ಫ್ರಂಟ್ ಆಫ್ ದ ಬಸ್” ಎಂದರೆ ಬಸ್ಸಿನ ಹೊರಗೆ, ಅದರೆದುರು ರಸ್ತೆಯಲ್ಲಿ. “ಇನ್ ದ ಫ್ರಂಟ್ ಆಫ್ ದ ಬಸ್” ಎಂದರೆ ಬಸ್ಸಿನೊಳಗೆ, ಮುಂಭಾಗದ ಸೀಟಿನಲ್ಲಿ. ಒಂದು ದ ಸೇರಿದ್ದಕ್ಕೆ ಮನುಷ್ಯ ರಸ್ತೆಯಿಂದ ಸೀಟಿಗೆ ಬಂದ. ಎರಡನೆಯದರಲ್ಲಿ ಫ್ರಂಟ್ ಜೀವಂತ ನಾಮಪದ, ಮುಂಭಾಗ ಎಂಬ ಅರ್ಥವಿದೆ. ಮೊದಲನೆಯದರಲ್ಲಿ ಅದು ಸ್ವಂತ ಅರ್ಥ ಕಳೆದುಕೊಂಡಿದೆ. “ಆನ್ ಟಾಪ್ ಆಫ್ ಇಟ್” ಮತ್ತು “ಅಟ್ ದ ಟಾಪ್ ಆಫ್ ದ ಪೇಜ್” ನಡುವೆಯೂ ಇದೇ ಅಂತರ.

ತಿದ್ದುಮೇಜು (ಉತ್ತರ)

ಪದಚ್ಛೇದ ಅವರ ಬಸ್ಸಿನ ಉದಾಹರಣೆ ಚೆನ್ನಾಗಿದೆ, ಆದರೆ ದ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಅದು ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. “ಆನ್ ಬಿಹಾಫ್ ಆಫ್” ನಡುವೆಯೂ ದ ಬರುವುದಿಲ್ಲ. “ಆನ್ ದ ಬಿಹಾಫ್ ಆಫ್” ಎಂದು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ, ಆದರೂ ಅದು ತಪ್ಪೇ. ಹಾಗಿದ್ದೂ ಬಿಹಾಫ್ ಪದಕ್ಕೆ ಮೊದಲು ಮೈ ಬರುತ್ತದೆ. ಅಂದಮೇಲೆ ದ ಬಂದರೆ ನಾಮಪದ ಜೀವಂತ ಎನ್ನಬಹುದು, ಬಾರದಿದ್ದರೆ ಸತ್ತಿದೆ ಎನ್ನುವಂತಿಲ್ಲ.

ಇಲ್ಲಿ ನಿಯಮಕ್ಕಿಂತ ಪಟ್ಟಿಯೇ ಗತಿ. ದಿನಬಳಕೆಗೆ ಬೇಕಾದವು ಬಹಳ ಇಲ್ಲ.

ಸರ್ವನಾಮ ಬಂದಾಗ ಷಷ್ಠಿ ರೂಪ ಒಳಗೆ ಸೇರುವವು: ಬಿಹಾಫ್, ಸೇಕ್, ಫೇವರ್, ಆನರ್, ಮೆಮೊರಿ, ಆಬ್ಸೆನ್ಸ್, ಪ್ರೆಸೆನ್ಸ್, ಪ್ಲೇಸ್, ಡಿಫೆನ್ಸ್, ಇಂಟ್ರೆಸ್ಟ್, ಎಕ್ಸ್‌ಪೆನ್ಸ್. “ಇನ್ ಮೈ ಆಬ್ಸೆನ್ಸ್”, “ಫಾರ್ ಹರ್ ಸೇಕ್”, “ಅಟ್ ದೇರ್ ಎಕ್ಸ್‌ಪೆನ್ಸ್”. ಇದೇ ಪದಗಳು ಉದ್ದದ ನಾಮಪದ ಬಂದಾಗ ಆಫ್ ಕಡೆಗೆ ಹೊರಳುತ್ತವೆ: “ಇನ್ ದಿ ಆಬ್ಸೆನ್ಸ್ ಆಫ್ ಎನಿ ರಿಟನ್ ಆರ್ಡರ್”.

ಎಂದಿಗೂ ಷಷ್ಠಿಯನ್ನು ಒಳಗೆ ಬಿಟ್ಟುಕೊಳ್ಳದವು: ಇನ್ ಫ್ರಂಟ್ ಆಫ್, ಇನ್‌ಸ್ಟೆಡ್ ಆಫ್, ಬಿಕಾಸ್ ಆಫ್, ಇನ್ ಸ್ಪೈಟ್ ಆಫ್, ಆನ್ ಟಾಪ್ ಆಫ್, ಇನ್ ಟರ್ಮ್ಸ್ ಆಫ್, ಇನ್ ಕೇಸ್ ಆಫ್.

ಎರಡನೆಯ ವಾಕ್ಯ “ಆನ್ ಬಿಹಾಫ್ ಆಫ್ ಮಿ” ವ್ಯಾಕರಣಕ್ಕೆ ತಪ್ಪಲ್ಲ, ಕಿವಿಗೆ ಒರಟು. ಒಬ್ಬನೇ ಇದ್ದರೆ “ಆನ್ ಮೈ ಬಿಹಾಫ್”. ಇಬ್ಬರಾದ ಕೂಡಲೇ ಲೆಕ್ಕ ಬದಲಾಗುತ್ತದೆ. “ಆನ್ ಮೈ ಅಂಡ್ ಮೈ ವೈಫ್ಸ್ ಬಿಹಾಫ್” ಎಂದು ತಿಣುಕುವ ಬದಲು “ಆನ್ ಬಿಹಾಫ್ ಆಫ್ ಮೈ ವೈಫ್ ಅಂಡ್ ಮಿ” ಎನ್ನುವುದೇ ಲೇಸು. ಇಲ್ಲಿ “ಅಂಡ್ ಐ” ಎಂದು ಬರೆದರೆ ಹೆಚ್ಚು ಗೌರವ ಎಂದುಕೊಂಡವರಿದ್ದಾರೆ. ಆಫ್ ನಂತರ ಐ ಬರುವುದಿಲ್ಲ, ಎಷ್ಟು ಜನ ಜೊತೆಗಿದ್ದರೂ ಬರುವುದಿಲ್ಲ.

ಮೂರನೆಯ ವಾಕ್ಯ ಇದಕ್ಕಿಂತ ಅಪಾಯಕಾರಿ. ಏಕೆಂದರೆ ಅಲ್ಲಿ ಅರ್ಥವೇ ತಲೆಕೆಳಗಾಗುತ್ತದೆ.

“ಹಿ ಈಸ್ ಇನ್ ಪೊಸೆಷನ್ ಆಫ್ ದ ಫೈಲ್ಸ್” ಎಂದರೆ ಅವನ ಬಳಿ ಫೈಲುಗಳಿವೆ. “ದ ಫೈಲ್ಸ್ ಆರ್ ಇನ್ ಹಿಸ್ ಪೊಸೆಷನ್” ಎಂದರೂ ಅದೇ. ಆದರೆ ನೀವು ಬರೆದ “ದ ಫೈಲ್ಸ್ ಆರ್ ಇನ್ ಪೊಸೆಷನ್ ಆಫ್ ಹಿಮ್” ಎಂದರೆ ಫೈಲುಗಳೇ ಅವನನ್ನು ಇಟ್ಟುಕೊಂಡಿವೆ ಎಂದಾಗುತ್ತದೆ. “ಇನ್ ಪೊಸೆಷನ್ ಆಫ್” ಆದ ಮೇಲೆ ಬರುವುದು ವಸ್ತು, “ಇನ್ ಹಿಸ್ ಪೊಸೆಷನ್” ಒಳಗಿನ ಹಿಸ್ ಒಡೆಯ. ಚಾರ್ಜ್ ಪದಕ್ಕೂ ಇದೇ ಕಟ್ಟು. “ಶಿ ಈಸ್ ಇನ್ ಚಾರ್ಜ್ ಆಫ್ ದ ಚೈಲ್ಡ್”, “ದ ಚೈಲ್ಡ್ ಈಸ್ ಇನ್ ಹರ್ ಚಾರ್ಜ್” ಎರಡರಲ್ಲೂ ನೋಡಿಕೊಳ್ಳುವವಳು ಅವಳೇ.

ಸರ್ವನಾಮದ ಬದಲು ಹೆಸರೋ ಹುದ್ದೆಯೋ ಬಂದರೆ ಏನು ಮಾಡಬೇಕು? ಆಗ ದ ಬಂದು ದಿಕ್ಕು ಬದಲಿಸುತ್ತದೆ. “ದ ಮ್ಯಾನೇಜರ್ ಈಸ್ ಇನ್ ಪೊಸೆಷನ್ ಆಫ್ ದ ಫೈಲ್ಸ್”, ಆದರೆ “ದ ಫೈಲ್ಸ್ ಆರ್ ಇನ್ ದ ಪೊಸೆಷನ್ ಆಫ್ ದ ಮ್ಯಾನೇಜರ್”. ದ ಇಲ್ಲದಿದ್ದರೆ ಆಫ್ ನಂತರದ್ದು ವಸ್ತು, ದ ಇದ್ದರೆ ಆಫ್ ನಂತರದ್ದು ಒಡೆಯ. ಕರಾರುಪತ್ರ ಬರೆಯುವಾಗ ಈ ಒಂದು ಪದದ ಮೇಲೆ ಕಣ್ಣಿಡಿ.

ಸರ್ಚ್ ಕೂಡ ಹೀಗೇ ಕೈಕೊಡುತ್ತದೆ. “ಇನ್ ಸರ್ಚ್ ಆಫ್ ಹಿಮ್” ಎಂದರೆ ಅವನನ್ನು ಹುಡುಕುತ್ತಾ. “ಇನ್ ಹಿಸ್ ಸರ್ಚ್ ಫಾರ್ ವಾಟರ್” ಎಂದರೆ ಅವನೇ ನೀರು ಹುಡುಕುತ್ತಾ. ಕನ್ನಡದ “ಅವನ ಹುಡುಕಾಟದಲ್ಲಿ” ಎರಡನ್ನೂ ಹೊರುತ್ತದೆ, ಇಂಗ್ಲಿಷ್ ಹೊರುವುದಿಲ್ಲ. ಇದಕ್ಕೆ ಎದುರಾಗಿ ಮೆಮೊರಿ, ಆನರ್ ಎರಡರಲ್ಲಿ ಇಂಥ ತಾಪತ್ರಯವಿಲ್ಲ. “ಇನ್ ಹರ್ ಮೆಮೊರಿ”, “ಇನ್ ಮೆಮೊರಿ ಆಫ್ ಹರ್” ಎರಡೂ ಅವಳ ನೆನಪಿಗಾಗಿ ಎಂದೇ.

ಫೇವರ್ ಮಾತ್ರ ನಡುಮಧ್ಯದ ಗಿರಾಕಿ. ತೀರ್ಪು ನನ್ನ ಪರ ಬಂದರೆ “ಇನ್ ಮೈ ಫೇವರ್”. ನಾನು ಒಂದು ಸಲಹೆಯ ಪರ ಇದ್ದರೆ “ಐ ಆಮ್ ಇನ್ ಫೇವರ್ ಆಫ್ ಇಟ್”. ಇದನ್ನು “ಇನ್ ಇಟ್ಸ್ ಫೇವರ್” ಎಂದು ತಿರುಗಿಸುವಂತಿಲ್ಲ.

ನಾಲ್ಕುಸಾಲು (ಉತ್ತರ)

ಐದನೆಯ ವಾಕ್ಯದಲ್ಲಿ ಎರಡು ತಪ್ಪು. ಚುಟುಕಾಗಿ ಹೇಳುತ್ತೇನೆ.

“ಒನ್ ಆಫ್ ಮೈ” ನಂತರ ಬಹುವಚನ ಕಡ್ಡಾಯ: ಫ್ರೆಂಡ್ಸ್. ಸ್ನೇಹಿತರ ಗುಂಪಿನಿಂದ ಒಬ್ಬನನ್ನು ಎತ್ತುತ್ತಿದ್ದೀರಿ, ಗುಂಪೇ ಇಲ್ಲದಿದ್ದರೆ ಎತ್ತುವುದೆಲ್ಲಿಂದ? ಕ್ರಿಯಾಪದ ಮಾತ್ರ ಏಕವಚನ, ಏಕೆಂದರೆ ಕರ್ತೃ ಒನ್. “ಒನ್ ಆಫ್ ಮೈ ಫ್ರೆಂಡ್ಸ್ ಹ್ಯಾಸ್”.

ಓನ್ ಎಂಬುದು ಷಷ್ಠಿಯಿಲ್ಲದೆ ನಾಮಪದಕ್ಕೆ ಮೊದಲು ಬರುವುದಿಲ್ಲ. ಸ್ವಂತ ಮನೆ ಎಂಬುದನ್ನು “ಓನ್ ಹೌಸ್” ಎಂದರಾಗದು, “ಆನ್ ಓನ್ ಹೌಸ್” ಅಂತೂ ಬೇಡವೇ ಬೇಡ. “ಹಿಸ್ ಓನ್ ಹೌಸ್” ಅಥವಾ “ಎ ಹೌಸ್ ಆಫ್ ಹಿಸ್ ಓನ್”. ಎ ಬೇಕೆಂದರೆ ಎರಡನೆಯ ರೂಪ. “ಆನ್ ಹಿಸ್ ಓನ್” ಬೇರೆಯೇ ಸರಕು: ಒಬ್ಬನೇ, ಯಾರ ನೆರವೂ ಇಲ್ಲದೆ.

ಜೊತೆಗೆ, “ಮೈ ಆಲ್ ಫ್ರೆಂಡ್ಸ್” ಅಲ್ಲ, “ಆಲ್ ಮೈ ಫ್ರೆಂಡ್ಸ್”. ಆಲ್, ಬೋತ್, ಹಾಫ್ ಮೂರೂ ಮೈಗಿಂತ ಮೊದಲು ಬರುತ್ತವೆ. ಸಂಖ್ಯೆ ಮಾತ್ರ ಮೈ ಆದ ನಂತರ: “ಮೈ ಟೂ ಬ್ರದರ್ಸ್” ಎಂದರೆ ನನಗಿರುವುದೇ ಇಬ್ಬರು. “ಟೂ ಆಫ್ ಮೈ ಬ್ರದರ್ಸ್” ಎಂದರೆ ಇನ್ನೂ ಇದ್ದಾರೆ.

ಕರಡುಪ್ರತಿ

ಎಲ್ಲರಿಗೂ ಧನ್ಯವಾದ. ಪೊಸೆಷನ್ ಲೆಕ್ಕ ಈಗ ಸ್ಪಷ್ಟವಾಯಿತು. ನಾಲ್ಕನೆಯದರ ಬಗ್ಗೆ ಯಾರೂ ಹೇಳಲಿಲ್ಲ. “ಎ ಫ್ರೆಂಡ್ ಆಫ್ ಮೈನ್” ಎನ್ನಬೇಕು ಎಂದು ಗೊತ್ತು. ಆದರೆ ಆಫ್ ಪದದಲ್ಲೇ ಸಂಬಂಧಾರ್ಥ ಇದೆಯಲ್ಲ, ಮೇಲೆ ಮೈನ್ ಏಕೆ? ನನ್ನದರ ಸ್ನೇಹಿತ ಎಂದಂತಾಗುವುದಿಲ್ಲವೇ? ಇನ್ನು “ಎ ಫೋಟೊ ಆಫ್ ಮಿ” ಏಕೆ ಸರಿ?

ಷಷ್ಠಿಪ್ರಿಯೆ (ಉತ್ತರ)

ಆಫ್, ಮೈನ್ ಎರಡೂ ಒಟ್ಟಿಗೆ ಬರುವ ಈ ಡಬಲ್ ಜೆನಿಟಿವ್ (ಎರಡು ಷಷ್ಠಿ) ಇಂಗ್ಲಿಷ್‌ಗೆ ಬೇಕಾಗಿರುವುದೇ ಒಂದು ಸೀಟಿನ ಜಗಳಕ್ಕೆ. ನಾಮಪದಕ್ಕೆ ಮೊದಲು ಬಂದು ಅದು ಯಾವುದೆಂದು ಗುರುತಿಸುವ ಪದಕ್ಕೆ, ಅಂದರೆ ಡಿಟರ್ಮಿನರ್‌ಗೆ ಇರುವುದು ಒಂದೇ ಸೀಟು. ಎ, ದ, ದಿಸ್, ದಟ್, ನೋ, ಮೈ ಇವರೆಲ್ಲ ಅದೇ ಸೀಟಿಗೆ ಕೈಹಾಕುವವರು. ಒಬ್ಬರು ಕುಳಿತರೆ ಇನ್ನೊಬ್ಬರಿಗೆ ಜಾಗವಿಲ್ಲ. ಕನ್ನಡದಲ್ಲಿ ಈ ಕಟ್ಟಳೆಯಿಲ್ಲ: “ನನ್ನ ಈ ಮನೆ”, “ಈ ನನ್ನ ಮನೆ”, “ನನ್ನ ಒಬ್ಬ ಸ್ನೇಹಿತ” ಎಲ್ಲವೂ ನಡೆಯುತ್ತವೆ. ಇಂಗ್ಲಿಷ್‌ನಲ್ಲಿ “ಎ ಮೈ ಫ್ರೆಂಡ್”, “ದಿಸ್ ಮೈ ಹೌಸ್” ಕೂಡದು. ಎ ಅಥವಾ ದಿಸ್ ಬೇಕೇ ಬೇಕು ಎಂದಾದರೆ ಮೈ ಎದ್ದು, ಆಫ್ ಹಿಡಿದುಕೊಂಡು ನಾಮಪದದ ನಂತರಕ್ಕೆ ಹೋಗಬೇಕು. ಅಲ್ಲಿ ಅದರ ನಂತರ ನಾಮಪದ ಇಲ್ಲದ್ದರಿಂದ ಒಂಟಿ ರೂಪವಾದ ಮೈನ್ ಆಗುತ್ತದೆ. “ಎ ಫ್ರೆಂಡ್ ಆಫ್ ಮೈನ್”, “ದಿಸ್ ಹೌಸ್ ಆಫ್ ಅವರ್ಸ್”, “ನೋ ಫಾಲ್ಟ್ ಆಫ್ ಹರ್ಸ್”.

ಸೀಟಿನ ಜಗಳ ಇಲ್ಲದ ಕಡೆ ಇದು ಬೇಕಿಲ್ಲ. “ದ ಫ್ರೆಂಡ್ ಆಫ್ ಮೈನ್” ಎಂದು ಸುಮ್ಮನೆ ಹೇಳುವುದಿಲ್ಲ, “ಮೈ ಫ್ರೆಂಡ್” ಇದೆಯಲ್ಲ. ನಂತರ ಒಂದು ವಿವರಣೆ ಬಂದರೆ ಮಾತ್ರ ಸರಿ: “ದ ಫ್ರೆಂಡ್ ಆಫ್ ಮೈನ್ ಹೂ ಕಾಲ್ಡ್ ಯೆಸ್ಟರ್ಡೇ”. “ದಟ್ ಡಾಗ್ ಆಫ್ ಯುವರ್ಸ್” ಎಂಬ ರೂಪದಲ್ಲಿ ಸ್ವಲ್ಪ ಸಿಡುಕು, ಇಲ್ಲವೇ ಸಲುಗೆ ಇರುತ್ತದೆ. ನಾವು “ನಿಮ್ಮ ಆ ನಾಯಿ” ಎಂದು ರಾಗ ಎಳೆಯುತ್ತೇವಲ್ಲ, ಹಾಗೆ. ಔಪಚಾರಿಕ ಪತ್ರದಲ್ಲಿ “ದಟ್ ಲೆಟರ್ ಆಫ್ ಯುವರ್ಸ್” ಎಂದು ಬರೆದು ಸಂಬಂಧ ಕೆಡಿಸಿಕೊಳ್ಳಬೇಡಿ.

ಫೋಟೊ ವಿಷಯ. ಕನ್ನಡದ “ರವಿಯ ಫೋಟೊ” ಎಂಬ ಮಾತಿಗೆ ಎರಡು ಅರ್ಥ: ರವಿ ಕಾಣಿಸುವ ಫೋಟೊ, ರವಿಯ ಬಳಿ ಇರುವ ಅಥವಾ ಅವನು ತೆಗೆದ ಫೋಟೊ. ಇಂಗ್ಲಿಷ್ ಇವನ್ನು ಬೇರ್ಪಡಿಸುತ್ತದೆ.

“ಎ ಫೋಟೊ ಆಫ್ ರವಿ”, “ಎ ಫೋಟೊ ಆಫ್ ಮಿ”: ಚಿತ್ರದೊಳಗೆ ಇರುವವನು.
“ಎ ಫೋಟೊ ಆಫ್ ರವಿ'ಸ್”, “ಎ ಫೋಟೊ ಆಫ್ ಮೈನ್”: ಚಿತ್ರದ ಒಡೆಯ ಅಥವಾ ತೆಗೆದವನು.

ಅಂದರೆ ಆಫ್ ನಂತರ ಕರ್ಮರೂಪ ಬಂದರೆ ವಿಷಯ, ಒಂಟಿ ಷಷ್ಠಿ ಬಂದರೆ ಒಡೆತನ. ಸ್ನೇಹಿತ ನನ್ನನ್ನು ಚಿತ್ರಿಸುವ ವಸ್ತುವಲ್ಲ, ಆದ್ದರಿಂದ “ಫ್ರೆಂಡ್ ಆಫ್ ಮಿ” ಕೂಡುವುದಿಲ್ಲ. “ಎ ಸ್ಟೋರಿ ಆಫ್ ಹಿಸ್” ಎಂದರೆ ಅವನು ಹೇಳಿದ ಕಥೆ, ಅವನ ಬಗೆಗಿನ ಕಥೆಯಲ್ಲ. “ಮೈ ಫೋಟೊ” ಎಂದಾಗ ಮಾತ್ರ ಇಂಗ್ಲಿಷ್‌ನಲ್ಲೂ ಕನ್ನಡದಷ್ಟೇ ಗೊಂದಲ. ಅರ್ಜಿಗೆ ಲಗತ್ತಿಸುವಾಗ “ಎ ಫೋಟೊ ಆಫ್ ಮೈಸೆಲ್ಫ್” ಎಂದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ.

ಹೆಸರು ಬಂದಾಗ “ಎ ಫ್ರೆಂಡ್ ಆಫ್ ರವಿ”, “ಎ ಫ್ರೆಂಡ್ ಆಫ್ ರವಿ'ಸ್” ಎರಡೂ ಸರಿ. ಸರ್ವನಾಮಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. ನಿರ್ಜೀವ ವಸ್ತುಗಳಿಗೆ ಡಬಲ್ ಜೆನಿಟಿವ್ ಹೊಂದುವುದಿಲ್ಲ: “ಎ ಲೆಗ್ ಆಫ್ ದ ಟೇಬಲ್”, ಕೊನೆಗೆ ಅಪಾಸ್ಟ್ರಫಿ ಎಸ್ ('s) ಬೇಡ.

ಟೇಬಲ್ ಬಂತು ಅಂದಮೇಲೆ ಇದನ್ನೂ ಹೇಳಿಬಿಡುತ್ತೇನೆ. “ಮೇಜಿನ ಕಾಲು, ಅಡುಗೆಮನೆಯ ಬಾಗಿಲು” ಎಂದು ನಾವು ಷಷ್ಠಿ ಹಾಕುವ ಬಹಳ ಕಡೆ ಇಂಗ್ಲಿಷ್ ಅಪಾಸ್ಟ್ರಫಿಯನ್ನೂ ಹಾಕುವುದಿಲ್ಲ, ಆಫ್ ಕೂಡ ಬಳಸುವುದಿಲ್ಲ. ಎರಡು ನಾಮಪದ ಅಕ್ಕಪಕ್ಕ ಇಟ್ಟುಬಿಡುತ್ತದೆ: “ಟೇಬಲ್ ಲೆಗ್”, “ಕಿಚನ್ ಡೋರ್”. ನಮ್ಮ ಸಮಾಸದ ಹಾಗೆಯೇ, ಮರದ ಕಾಲು ಮತ್ತು ಮರಗಾಲು ಎಂಬಂತೆ. ಅಪಾಸ್ಟ್ರಫಿ ಎಸ್ ಮುಖ್ಯವಾಗಿ ಮನುಷ್ಯರಿಗೆ, ಪ್ರಾಣಿಗಳಿಗೆ, ಸಂಸ್ಥೆಗಳಿಗೆ, ಊರು ದೇಶಗಳಿಗೆ. ಜೊತೆಗೆ ಕಾಲದ ಅಳತೆಗೆ: “ಟುಡೇ'ಸ್ ಪೇಪರ್”, “ಎ ವೀಕ್'ಸ್ ನೋಟಿಸ್”. ಎರಡು ವಾರವಾದರೆ ಅಪಾಸ್ಟ್ರಫಿ ಚಿಹ್ನೆಯು ಎಸ್ ಅಕ್ಷರದ ಆಚೆಗೆ ಹೋಗುತ್ತದೆ, ಏಕೆಂದರೆ ಆ ಎಸ್ ಬಹುವಚನದ್ದು. ರಾಜೀನಾಮೆ ಪತ್ರಗಳಲ್ಲಿ ಅತಿ ಹೆಚ್ಚು ಕಳೆದುಹೋಗುವ ಚಿಹ್ನೆ ಇದೇ ಇರಬೇಕು.

ತಿದ್ದುಮೇಜು

ಷಷ್ಠಿಪ್ರಿಯೆ ಅವರ ಸೀಟಿನ ಲೆಕ್ಕಕ್ಕೆ ಒಂದು ಸೇರ್ಪಡೆ. ಅಪಾಸ್ಟ್ರಫಿ ಎಸ್ ಅಂಟುವುದು ಪದಕ್ಕಲ್ಲ, ಇಡೀ ಪದಗುಚ್ಛದ ಬಾಲಕ್ಕೆ. “ದ ಕಿಂಗ್ ಆಫ್ ಸ್ಪೇನ್'ಸ್ ಡಾಟರ್” ಎಂದರೆ ಮಗಳು ರಾಜನವಳು, ಸ್ಪೇನಿನವಳೆಂದಲ್ಲ. “ರವಿ ಅಂಡ್ ಸೀತಾ'ಸ್ ಹೌಸ್” ಎಂದರೆ ಇಬ್ಬರಿಗೂ ಸೇರಿದ ಒಂದೇ ಮನೆ. ಬೇರೆ ಬೇರೆ ಮನೆಗಳಾದರೆ ಇಬ್ಬರಿಗೂ ಒಂದೊಂದು ಅಪಾಸ್ಟ್ರಫಿ ಕೊಡಿ, ಹೌಸಸ್ ಎನ್ನಿ. ಜೊತೆಯವರು ನಾನೇ ಆಗಿದ್ದರೆ “ರವಿ'ಸ್ ಅಂಡ್ ಮೈ ಹೌಸ್”. “ರವಿ ಅಂಡ್ ಐ'ಸ್” ಎಂದು ಮಾತಿನಲ್ಲಿ ಕೇಳಿಸಿದರೂ ಬರಹಕ್ಕೆ ತರಬೇಡಿ.

ಇನ್ನೊಂದು: ಯುವರ್ಸ್, ಹರ್ಸ್, ಅವರ್ಸ್, ದೇರ್ಸ್, ಇಟ್ಸ್ ಯಾವುದಕ್ಕೂ ಅಪಾಸ್ಟ್ರಫಿ ಇಲ್ಲ. ಅಪಾಸ್ಟ್ರಫಿ ಇರುವ ಇಟ್ಸ್ ಎಂದರೆ “ಇಟ್ ಈಸ್” ಅಥವಾ “ಇಟ್ ಹ್ಯಾಸ್”. ಬಿಡಿಸಿ ಓದಿ, ವಾಕ್ಯ ನಿಂತರೆ ಅಪಾಸ್ಟ್ರಫಿ ಹಾಕಿ. ತಪ್ಪಿದವರಿಗೆ ಒಂದು ಸಮಾಧಾನ: 17ನೇ ಶತಮಾನದಲ್ಲಿ ಇಂಗ್ಲಿಷರೇ ಷಷ್ಠಿಯ ಇಟ್ಸ್‌ಗೆ ಅಪಾಸ್ಟ್ರಫಿ ಹಾಕಿ ಬರೆಯುತ್ತಿದ್ದರು. ಅದಕ್ಕೂ ಹಿಂದೆ ನಿರ್ಜೀವ ವಸ್ತುಗಳಿಗೂ ಹಿಸ್ ಎಂಬುದೇ ಷಷ್ಠಿಯಾಗಿತ್ತು.

ಕ್ರಿಯಾಪದಿ (ಉತ್ತರ)

ಆರನೆಯ ವಾಕ್ಯ ಉಳಿದಿದೆ. “ಹಿ ಪುಟ್ ಹ್ಯಾಂಡ್ ಇನ್ ಪಾಕೆಟ್” ಎಂಬಲ್ಲಿ ಎರಡು ಹಿಸ್ ಬಿಟ್ಟುಹೋಗಿವೆ: “ಹಿ ಪುಟ್ ಹಿಸ್ ಹ್ಯಾಂಡ್ ಇನ್ ಹಿಸ್ ಪಾಕೆಟ್”. ನಮಗಿದು ಅತಿಯಾಯಿತು ಅನಿಸುತ್ತದೆ. ಕೈ ಅವನದಲ್ಲದೆ ಪಕ್ಕದವನದೇ?

ಕಾರಣ ಕನ್ನಡದ ಕ್ರಿಯಾಪದದಲ್ಲಿದೆ. “ಕೈ ತೊಳೆದುಕೊಂಡಳು, ತಲೆ ಬಾಚಿಕೊಂಡ, ಕಾಲು ಮುರಿದುಕೊಂಡ.” ಇಲ್ಲಿನ “ಕೊಂಡ” ಆ ಕೈ, ತಲೆ, ಕಾಲು ಕರ್ತೃವಿನದೇ ಎಂದು ಹೇಳಿಯಾಗಿದೆ. “ತಲೆ ಬಾಚಿದಳು” ಎಂದರೆ ಬೇರೆಯವರದು, ಮಗುವಿನದೋ ಏನೋ. ಇಂಗ್ಲಿಷ್ ಕ್ರಿಯಾಪದದಲ್ಲಿ ಈ ಕೊಳ್ಳು ಇಲ್ಲ, ಹಾಗಾಗಿ ಆ ಕೆಲಸವನ್ನು ಷಷ್ಠಿ ಮಾಡಬೇಕು: “ಶಿ ವಾಶ್ಡ್ ಹರ್ ಹ್ಯಾಂಡ್ಸ್”, “ಹಿ ಬ್ರೋಕ್ ಹಿಸ್ ಲೆಗ್”. ಅನುವಾದಿಸುವಾಗ ದೇಹದ ಭಾಗದ ಜೊತೆ ಕೊಳ್ಳು ಕಂಡರೆ ಅಲ್ಲೊಂದು ಹಿಸ್ ಅಥವಾ ಹರ್ ಬೇಕಾಗಬಹುದು ಎಂದು ಗುರುತು ಹಾಕಿಕೊಳ್ಳಿ. ಇಂಗ್ಲಿಷ್‌ನಿಂದ ಕನ್ನಡಕ್ಕೆ ಬರುವಾಗ ಇದನ್ನೇ ತಿರುಗಿಸಿ. “ಅವನು ತನ್ನ ಕೈಯನ್ನು ತನ್ನ ಜೇಬಿನಲ್ಲಿ ಇಟ್ಟನು” ಎಂದು ಬರೆಯುವ ಅನುವಾದ ಓದಲಾಗದು, “ಜೇಬಿಗೆ ಕೈ ಹಾಕಿಕೊಂಡ” ಸಾಕು.

ಹಾಗೆಂದು ದೇಹದ ಭಾಗ ಕಂಡಲ್ಲೆಲ್ಲ ಷಷ್ಠಿ ತುಂಬಬೇಡಿ. ಯಾರಿಗೆ ಎಂಬುದು ಕರ್ಮವಾಗಿ ಆಗಲೇ ಬಂದಿದ್ದರೆ, ಪ್ರಿಪೊಸಿಷನ್ ನಂತರದ ಅಂಗಕ್ಕೆ ದ ಬರುತ್ತದೆ. “ದ ಬಾಲ್ ಹಿಟ್ ಹಿಮ್ ಆನ್ ದ ಹೆಡ್”, “ಶಿ ಟುಕ್ ಮಿ ಬೈ ದ ಹ್ಯಾಂಡ್”, “ಲುಕ್ ಹಿಮ್ ಇನ್ ದಿ ಐ”. ಹಿಮ್ ಎಂದು ಹೇಳಿದ ಮೇಲೆ ತಲೆ ಯಾರದೆಂದು ಗೊತ್ತಾಗಿಯೇ ಇದೆ. ಹಿಮ್ ಇಲ್ಲದಿದ್ದರೆ ಹಿಸ್ ಮರಳುತ್ತದೆ: “ದ ಬಾಲ್ ಹಿಟ್ ಹಿಸ್ ಹೆಡ್”.

ಕನ್ನಡದ ಇನ್ನೊಂದು ಅನುಕೂಲ ಇಂಗ್ಲಿಷ್‌ನಲ್ಲಿಲ್ಲ: ತನ್ನ ಮತ್ತು ಅವನ ಎಂಬ ಭೇದ. “ರವಿ ಮೆಟ್ ಸುರೇಶ್ ಇನ್ ಹಿಸ್ ಆಫೀಸ್” ಎಂದರೆ ಆಫೀಸು ಯಾರದು? ತನ್ನ ಎಂದೋ ಅವನ ಎಂದೋ ನಾವು ಒಂದೇ ಪದದಲ್ಲಿ ಮುಗಿಸುತ್ತೇವೆ. ಇಂಗ್ಲಿಷ್‌ನಲ್ಲಿ “ಹಿಸ್ ಓನ್ ಆಫೀಸ್” ಎಂದರೆ ರವಿಯದು ಎಂದು ಅರ್ಥ ವಾಲುತ್ತದೆ. ಸುರೇಶನದಾದರೆ ಹೆಸರನ್ನೇ ಮತ್ತೆ ಬರೆಯುವುದು ಕ್ಷೇಮ.

ನಾಲ್ಕುಸಾಲು

ಪ್ರಿಪೊಸಿಷನ್ ಬದಲಾದರೆ ಮೈ ಇದ್ದೂ ಅರ್ಥ ಜಿಗಿಯುವ ಕೆಲವು (ಕೊನೆಯದರಲ್ಲಿ ಮಾತ್ರ ಮೈ ಹೋಗಿ ಆಫ್ ಬಂದಿದೆ):

“ಆನ್ ಮೈ ವೇ” ದಾರಿಯಲ್ಲಿದ್ದೇನೆ, “ಇನ್ ಮೈ ವೇ” ನನಗೆ ಅಡ್ಡ.
“ಬೈ ಮೈ ಸೈಡ್” ನನ್ನ ಪಕ್ಕ, “ಆನ್ ಮೈ ಸೈಡ್” ನನ್ನ ಪಕ್ಷ.
“ಆನ್ ಮೈ ಮೈಂಡ್” ಕಾಡುತ್ತಿದೆ, “ಟು ಮೈ ಮೈಂಡ್” ನನ್ನ ಪ್ರಕಾರ.
“ಇನ್ ಮೈ ವ್ಯೂ” ನನ್ನ ಅಭಿಪ್ರಾಯದಲ್ಲಿ, “ಇನ್ ವ್ಯೂ ಆಫ್” ಅದನ್ನು ಗಮನದಲ್ಲಿಟ್ಟು.

“ನನ್ನ ಕಡೆಯಿಂದ” ಎಂಬುದನ್ನು “ಫ್ರಮ್ ಮೈ ಸೈಡ್” ಎಂದು ತರುವುದು ನಮ್ಮಲ್ಲಿ ರೂಢಿ. ಹೊರಗಿನವರಿಗೆ ಅರ್ಥವಾಗುತ್ತದೆ, ಆದರೂ ತಪ್ಪು ಒಪ್ಪಿಕೊಳ್ಳುವಾಗ “ಎ ಮಿಸ್ಟೇಕ್ ಆನ್ ಮೈ ಪಾರ್ಟ್”, ಅಭಿಪ್ರಾಯ ಹೇಳುವಾಗ “ಫಾರ್ ಮೈ ಪಾರ್ಟ್”. “ಅಕಾರ್ಡಿಂಗ್ ಟು ಮಿ” ಬದಲು “ಇನ್ ಮೈ ಒಪೀನಿಯನ್”.

ಕರಡುಪ್ರತಿ

ತಿದ್ದಿ ಬರೆದಿದ್ದೇನೆ. ಒಮ್ಮೆ ನೋಡಿಬಿಡಿ. ಏಳನೆಯದನ್ನು ಹೊಸದಾಗಿ ಸೇರಿಸಿದ್ದೇನೆ.

1. ಹಿ ಸ್ಟುಡ್ ಇನ್ ಫ್ರಂಟ್ ಆಫ್ ಮಿ.
2. ಶಿ ಸ್ಪೋಕ್ ಆನ್ ಮೈ ಬಿಹಾಫ್.
3. ದ ಫೈಲ್ಸ್ ಆರ್ ಇನ್ ಹಿಸ್ ಪೊಸೆಷನ್.
4. ಎ ಫ್ರೆಂಡ್ ಆಫ್ ಮೈನ್ ಈಸ್ ವೇಟಿಂಗ್.
5. ಒನ್ ಆಫ್ ಮೈ ಫ್ರೆಂಡ್ಸ್ ಹ್ಯಾಸ್ ಹಿಸ್ ಓನ್ ಹೌಸ್.
6. ಹಿ ಪುಟ್ ಹಿಸ್ ಹ್ಯಾಂಡ್ ಇನ್ ಹಿಸ್ ಪಾಕೆಟ್.
7. ಸಾರಿ ಫಾರ್ ಮೈ ಕಮಿಂಗ್ ಲೇಟ್, ಅಂಡ್ ಥ್ಯಾಂಕ್ ಯು ಫಾರ್ ಯುವರ್ ವೇಟಿಂಗ್.

ಪದಚ್ಛೇದ

ಮೊದಲ ಆರೂ ಸರಿ. ಏಳರಲ್ಲಿ ಎರಡೂ ಷಷ್ಠಿ ತೆಗೆಯಿರಿ: “ಸಾರಿ ಫಾರ್ ಕಮಿಂಗ್ ಲೇಟ್, ಅಂಡ್ ಥ್ಯಾಂಕ್ ಯು ಫಾರ್ ವೇಟಿಂಗ್.” ಪ್ರಿಪೊಸಿಷನ್ ನಂತರ ಇಂಗ್ (-ing) ರೂಪ ಬಂದಾಗ, ಆ ಕೆಲಸ ಮಾಡಿದವರು ಯಾರೆಂದು ವಾಕ್ಯದಿಂದಲೇ ಗೊತ್ತಾಗುತ್ತಿದ್ದರೆ ಷಷ್ಠಿ ಬೇಡ. ಕ್ಷಮೆ ಕೇಳುವವನೇ ತಡವಾಗಿ ಬಂದವನು, ಧನ್ಯವಾದ ಪಡೆಯುವವರೇ ಕಾದವರು. ಕೆಲಸ ಮಾಡಿದವನು ಬೇರೆಯಾದಾಗ ಮಾತ್ರ ಹೇಳಬೇಕಾಗುತ್ತದೆ: “ಹಿ ಲೆಫ್ಟ್ ವಿದೌಟ್ ಮೈ ನೋಯಿಂಗ್”. ಅಲ್ಲಿ ಹೋದವನು ಅವನು, ತಿಳಿಯದೆ ಉಳಿದವನು ನಾನು. ಮಾತಿನಲ್ಲಿ “ವಿದೌಟ್ ಮಿ ನೋಯಿಂಗ್” ಎನ್ನುವವರೇ ಹೆಚ್ಚು. ಪತ್ರದಲ್ಲಿ ಮೈ ಇಡಿ.